ರವಿವಾರದ ರೋಸ್ಟ್ ಕೋಳಿ ಸೋಮವಾರ ಕಸದ ಗಾಡಿಗೆ ಯಾಕ ಹೋಗಬೇಕ್ರಿ?

ಸಂಪಾದಕರಿಗೆ ಬೆಳಗಾವಿ ಶಹಾಪುರದಿಂದ ನಮಸ್ಕಾರ್ರಿ.

ನಿಮ್ಮ ರವಿವಾರದ ಪುರವಣಿ ಬಂತಂದ್ರ ನಮ್ಮನ್ಯಾಗ ಮೊದಲ ಅಡಗಿ ಪುಟ ತಗಿಯಾಕಿ ನಾನ. ಇತ್ತೀಚಿಗೆ ಅದರಾಗ ಇಡೀ ಕೋಳಿ ರೋಸ್ಟ್ ಮಾಡೂದು ಹೆಂಗ ಅಂತ ಬರದಿದ್ರು, ಅರ್ಧ ಪುಟದ ಫೋಟೋ, ಕೆಂಪಗ ಬಂಗಾರದ ಬಣ್ಣಕ್ಕ ಬಂದ ಕೋಳಿ, ಸುತ್ತ ಲಿಂಬಿ ಹೋಳು, ಉಳ್ಳಾಗಡ್ಡಿ ಚಕ್ಕರ, ಮತ್ತ ಕಡೀಗೆ ಬಿಸಿ ಬಿಸಿ ಬಡಿಸಿ ಅಂತ ಹೇಳಿ ಮುಗಿಸಿಬಿಟ್ಟಿದ್ರು. ನನಗ ಅಲ್ಲೇ ಸಮಾಧಾನ ಆಗಲಿಲ್ರಿ. ಬಡಿಸಿದ ಮ್ಯಾಲ ಏನು? ನಾಕು ಮಂದಿ ಇರೂ ಮನ್ಯಾಗ ಒಂದು ಇಡೀ ಕೋಳಿ ಒಂದ ಹೊತ್ತಿಗೆ ಮುಗಿಯಂಗಿಲ್ಲ, ಲೆಗ್ ಪೀಸ್ ಹೋಗತಾವ, ಎದಿ ಮಾಂಸ ಅರ್ಧ ಹೋಗತೈತಿ, ಉಳದದ್ದು ಹಂಗ ಫಾಯಿಲ್‌ದಾಗ ಕುಂತಿರತೈತಿ. ಅದರ ಬಗ್ಗೆ ಯಾವ ಅಡಗಿ ಪುಟದಾಗೂ ನಾನು ಒಂದು ಸಾಲು ಓದಿಲ್ಲ. ಅದಕ್ಕ ಈ ಪತ್ರ. ಉದ್ದ ಆಗತೈತಿ, ಆದ್ರ ಪೂರ್ತಿ ಓದ್ರಿ ಅಂತ ಕೇಳ್ಕೋತೀನಿ.

ಮೊದಲ ನಮ್ಮನಿ ಮಾತ ಹೇಳ್ತೀನಿ, ಮಂದಿ ಮನಿ ಕಡೆ ಬಟ್ಟ ತೋರಿಸಿ ಬರಿಯೂದು ಸರಿ ಅಲ್ಲ. ಹ್ವಾದ ವರ್ಷ ಬ್ಯಾಸಗಿ ರಜಾದಾಗ ಮಗ, ಸೊಸಿ, ಮೊಮ್ಮಗಳು ಪುಣೆದಿಂದ ಬಂದಿದ್ರು. ರವಿವಾರ ರಾತ್ರಿ ಎಂಟರ ಸುಮಾರಿಗೆ ಮಗ ಎರಡು ಫುಲ್ ಗ್ರಿಲ್ ಕಟ್ಟಿಸ್ಕೊಂಡು ಬಂದ, ಪ್ರೀತಿಲೆ ತಂದದ್ದು, ಬ್ಯಾಡ ಅನ್ನಾಕ ಆಗತೈತೇನು, ಎಲ್ಲಾರೂ ಕೂಡಿ ಕುಂತು ತಿಂದ್ವಿ, ಮಾತು ಆತು, ನಗಿ ಆತು, ಟೀವಿ ಮುಂದ ಹನ್ನೊಂದು ಹೊಡೀತು. ಅಡಗಿ ಮನಿ ಕಟ್ಟಿ ಮ್ಯಾಲ ಉಳದ ಕೋಳಿ ಹಂಗ ಇತ್ತು. ನಮ್ಮ ಅತ್ತಿ ಹೇಳಿದ್ರು, ನಾಳೆ ಸೋಮವಾರ, ಇದನ್ನ ಫ್ರಿಜ್ಜಿನ್ಯಾಗ ಇಡಬ್ಯಾಡ, ಬೆಳಿಗ್ಗೆ ಗಾಡಿ ಬಂದಾಗ ಹಾಕಿಬಿಡು ಅಂತ. ಮುಂಜಾನೆ ಹಾಕಾಕ ಹ್ವಾದಾಗ ಚೀಲ ಕೈಗೆ ಭಾರ ಅನಿಸ್ತು, ಮನ್ಯಾಗಿನ ಸಣ್ಣ ತಕ್ಕಡಿ ಮ್ಯಾಲ ಇಟ್ಟೆ, 900 ಗ್ರಾಂ ಮ್ಯಾಲ ತೋರಿಸ್ತು. ಅದರಾಗ ಎಲುಬು ಅರ್ಧ ಅಂತ ತಿಳಕೊಂಡ್ರೂ ಉಳದ ಅರ್ಧ ಮಾಂಸನ ಅಲ್ರಿ. ಅವತ್ತ ಬೀದ್ಯಾಗ ನಿಂತು ನೋಡಿದೆ, ಬ್ಯಾರೆ ಮನಿ ಚೀಲಗಳೊಳಗಿಂದನೂ ಅದ ಫಾಯಿಲ್ ಹೊಳಿಯಾಕತ್ತಿತ್ತು.

ನಾನು ಹುಟ್ಟಿದ್ದು ಸವದತ್ತಿ ಕಡೆ. ನಮ್ಮ ಅಣ್ಣ ಈಗೂ ಒಕ್ಕಲುತನ ಮಾಡ್ತಾನ, ಮಳಿ ನಂಬಿ ಗೋವಿನಜೋಳ ಬಿತ್ತತಾನ. ಆ ಗೋವಿನಜೋಳ ಎಲ್ಲಿಗೆ ಹೋಗತೈತಿ ಅಂತ ಪ್ಯಾಟ್ಯಾಗ ಭಾಳ ಮಂದಿಗೆ ಗೊತ್ತಿಲ್ಲ, ಅದರಾಗ ದೊಡ್ಡ ಪಾಲು ಕೋಳಿ ಮೇವಿಗೆ ಹೋಗತೈತಿ. ಒಂದು ಬ್ರಾಯ್ಲರ್ ಕೋಳಿ ಸುಮಾರು ಆರು ವಾರದಾಗ 2 ಕಿಲೋ ತೂಕಕ್ಕ ಬರತೈತಿ, ಅಷ್ಟಕ್ಕ ಅದು ತಿಂದಿರೂ ಮೇವು ಹತ್ತತ್ರ ಮೂರೂವರಿ ಕಿಲೋ, ಅದರಾಗ ಅರ್ಧಕ್ಕಿಂತ ಜಾಸ್ತಿ ಗೋವಿನಜೋಳ, ಉಳದದ್ದು ಸೋಯಾ ಹಿಂಡಿ. ಅಂದ್ರ ಅರ್ಧ ಕೋಳಿ ಚೆಲ್ಲಿದ್ರ ನಮ್ಮ ಅಣ್ಣನ ಹೊಲದಾಗಿನ ಒಂದು ಬೊಗಸಿ ಕಾಳೂ ಅದರ ಜೊತಿ ಹ್ವಾದಂಗ. ಮಳಿ ಕೈಕೊಟ್ಟ ವರ್ಷ ಅವ ತೆನಿ ಮುರದು ಕಾಳು ಎಣಿಸಿದಂಗ ನೋಡಿದ್ದು ನಾ ಕಂಡೀನಿ, ಅದಕ್ಕ ನನಗ ಇದು ಹೊಟ್ಟಿ ಉರಿಯೂ ಮಾತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವ್ರು 2024 ರಾಗ ಒಂದು ವರದಿ ಕೊಟ್ರು. 2022 ಒಂದ ವರ್ಷದಾಗ ಜಗತ್ತಿನ್ಯಾಗ 105 ಕೋಟಿ ಟನ್ ಆಹಾರ ಹಾಳಾಗೇತಿ, ಅದರಾಗ 60 ಪರ್ಸೆಂಟ್ ಮನಿಗಳಿಂದನ. ಹೋಟೆಲ್, ಕಲ್ಯಾಣಮಂಟಪ ಅಂತ ನಾವು ಬಯ್ತೀವಿ, ಖರೆ ಅಂದ್ರ ಹೆಚ್ಚಿಂದು ನಮ್ಮ ಅಡಗಿಮನಿಯಿಂದ ಹೋಗೂದು. ನಮ್ಮ ದೇಶದಾಗ ಒಬ್ಬೊಬ್ಬರ ಲೆಕ್ಕಕ್ಕ ವರ್ಷಕ್ಕ 55 ಕಿಲೋ ಅಂತ ಅದರಾಗ ಐತಿ. ಐದು ಮಂದಿ ಮನಿ ಅಂದ್ರ 275 ಕಿಲೋ, ಪೌಣೆ ಮೂರು ಕ್ವಿಂಟಲ್ ಆತಲ್ರಿ, ಅಷ್ಟು ಜೋಳದ ಚೀಲ ಯಾರರ ಬೀದಿಗೆ ಸುರುವಿದ್ರ ನಾವು ಸುಮ್ನ ನೋಡ್ಕೋತ ನಿಲ್ತೀವೇನು?

ಈಗ ಸೋಮವಾರದ ಮಾತಿಗೆ ಬರ್ತೀನಿ, ಯಾಕಂದ್ರ ನಮ್ಮ ಕಡೆ ಕೋಳಿ ಹಾಳಾಗೂದಕ್ಕ ಅದ ದೊಡ್ಡ ಕಾರಣ ಅಂತ ನನಗ ಅನಸ್ತೈತಿ. ಇಂಗ್ಲೆಂಡಿನ್ಯಾಗ ರವಿವಾರ ಮಧ್ಯಾಹ್ನ ರೋಸ್ಟ್ ಮಾಡೂದು ಹಳೇ ಪದ್ಧತಿ, ಉಳದ ಮಾಂಸನ ಸೋಮವಾರ ತಣ್ಣಗಿದ್ದಂಗ ತಿನ್ನೂದು, ಎಲುಬಿಂದು ಸೂಪ್ ಮಾಡೂದು, ಅದೂ ಪದ್ಧತಿನ. ಅವ್ರ ರೋಸ್ಟ್ ನಮ್ಮ ಮನಿಗೆ ಬಂತು, ಅವ್ರ ಸೋಮವಾರ ಬರಲಿಲ್ಲ, ಬರಬೇಕಂತನೂ ಇಲ್ಲ. ನಮ್ಮ ಸೋಮವಾರ ಬ್ಯಾರೆ. ಭಾಳ ಮನ್ಯಾಗ ಸೋಮವಾರ ತಿನ್ನಂಗಿಲ್ಲ, ಮುಂಜಾನೆ ಸ್ನಾನ ಮಾಡಿ ಕಪಿಲೇಶ್ವರ ಗುಡಿಗೆ ಹೋಗಿ ಬರ್ತಾರ, ಕೆಲವ್ರಿಗೆ ಗುರುವಾರ ಇಲ್ಲ, ಶನಿವಾರ ಮಾರುತಿ ವಾರ ಅಂತ ಇಲ್ಲ, ದೇವಿಗೆ ನಡಕೊಳ್ಳೂ ಮನ್ಯಾಗ ಮಂಗಳವಾರ ಶುಕ್ರವಾರನೂ ಇಲ್ಲ. ಇದರಾಗ ನಾನು ತಪ್ಪು ಹುಡಕಾಕತ್ತಿಲ್ಲ, ನಾನೂ ಸೋಮವಾರ ಮಾಡಾಕಿನ. ಆದ್ರ ವಾರ ಮಾಡೂದಕ್ಕೂ ಅನ್ನ ಚೆಲ್ಲೂದಕ್ಕೂ ಗಂಟು ಹಾಕಬಾರದಲ್ರಿ. ವಾರ ಮೊದಲ ಗೊತ್ತಿರೂದು, ಕ್ಯಾಲೆಂಡರಿನ್ಯಾಗ ಬರದದ್ದು, ಕೋಳಿ ತರೂ ಹೊತ್ತು ಅಷ್ಟ ನಾವು ಬದಲಿ ಮಾಡ್ಕೋಬೇಕು.

ನಮ್ಮ ಅವ್ವನ ಕಾಲದಾಗ ಈ ತ್ರಾಸ ಇರಲಿಲ್ಲ. ಹಬ್ಬದ ಮರುದಿನ ಕರಿ ದಿವಸ ಒಂದು ಜವಾರಿ ಕೋಳಿ ಕೊಯ್ದ್ರ ತಿನ್ನಾಕ ಎಂಟು ಹತ್ತು ಮಂದಿ, ಕಾರಜ ಸಣ್ಣ ಹುಡುಗೂರಿಗೆ, ಕಾಲು ಅಪ್ಪಗ, ಅವ್ವಗ ಬೆನ್ನು ಮತ್ತ ಕುತ್ತಿಗಿ. ಬಾಣಂತಿ ಇದ್ರ ಎಲುಬಿನ ರಸ ಮೊದಲ ಆಕಿಗೆ. ರಾತ್ರಿ ಬೋಗೋಣಿ ತಳದಾಗ ಉಳದ ಸಾರಿಗೆ ರೊಟ್ಟಿ ಮುರದು ಹಾಕಿ ಕಲಸಿ ತಿಂದು ಬೋಗೋಣಿ ತೊಳಿಯೂ ಹಂಗ ಇರತಿರಲಿಲ್ಲ. ಆವಾಗ ಮಂದಿ ಹೆಚ್ಚಿದ್ರು, ಕೋಳಿ ಕಮ್ಮಿ ಇತ್ತು. ಈಗ ಮಂದಿ ಮೂರು, ಕೋಳಿ ಇಡೀದು. ಅದಕ್ಕ ಅವ್ವನ ಪದ್ಧತಿ ಹಂಗ ನಡಿಯಂಗಿಲ್ಲ, ಹೊಸಾದು ಹುಡುಕಬೇಕಾತು.

ನಾನು 31 ವರ್ಷ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸಿ ರಿಟೈರ್ ಆದಾಕಿ, ಅದಕ್ಕ ಮೊದಲ ಗಡಿಯಾರ ನೋಡಿದೆ. ಬೆಂದ ಮಾಂಸ ಹೊರಗ ಎರಡು ತಾಸಿಗಿಂತ ಹೆಚ್ಚು ಇಡಬಾರದು, ಹೊರಗ 32 ಡಿಗ್ರಿ ಮ್ಯಾಲ ಕಾವಿದ್ರ ಒಂದ ತಾಸು. 5 ಡಿಗ್ರಿಯಿಂದ 60 ಡಿಗ್ರಿ ನಡುವ ಬ್ಯಾಕ್ಟೀರಿಯಾ ಭರಾಭರಾ ಬೆಳಿತಾವ. ಬ್ಯಾಸಗ್ಯಾಗ ನಮ್ಮ ಬೆಳಗಾವ್ಯಾಗ ಮಧ್ಯಾಹ್ನ 37, 38 ಆಗತೈತಿ, ವಿಜಯಪುರ, ಬಾಗಲಕೋಟಿ ಕಡೆ 40 ದಾಟತೈತಿ, ಅಲ್ಲಿ ಕಟ್ಟಿ ಮ್ಯಾಲ ಇಟ್ಟ ಕೋಳಿ ಏನ್ ಉಳಿದೀತು. ಮುಂಜಾನೆ ಚೆಂದಗ ಕುದಿಸಿದ್ರ ಎಲ್ಲಾ ಸರಿ ಹೋಗತೈತಿ ಅಂತ ಭಾಳ ಮಂದಿ ಅಂತಾರ, ಅದು ತಪ್ಪು, ಕುದಿಸಿದ್ರ ಬ್ಯಾಕ್ಟೀರಿಯಾ ಸಾಯ್ತಾವ ಖರೆ, ಆದ್ರ ಸ್ಟೆಫೈಲೊಕಾಕಸ್ ಅನ್ನೂ ಜಾತಿದು ಬಿಟ್ಟ ವಿಷ ಕುದಿಸಿದ್ರೂ ಹೋಗಂಗಿಲ್ಲ. ಹಂಗಾಗಿ ನಾನು ಉಳಸ್ರಿ ಅನ್ನೂದು ರಾತ್ರಿಪೂರ್ತಿ ಹೊರಗಿದ್ದದ್ದನ್ನ ತಿನ್ರಿ ಅಂತ ಅಲ್ಲ. ಅಂಥಾದ್ದು ಚೆಲ್ಲಬೇಕು. ಚೆಲ್ಲೂ ಹಂಗ ಆಗಬಾರದು ಅನ್ನೂದು ನನ್ನ ಮಾತು. ಅದ ಹೊತ್ತಿಗೆ ಸರಿಯಾಗಿ ಫ್ರಿಜ್ಜಿನ್ಯಾಗ ಇಟ್ರ, 4 ಡಿಗ್ರಿ ಇಲ್ಲಾ ಅದಕ್ಕೂ ತಣ್ಣಗ, ಬೆಂದ ಕೋಳಿ ಮೂರರಿಂದ ನಾಕು ದಿವಸ ಚೊಲೊ ಇರತೈತಿ.

ಲೆಕ್ಕ ಮಾಡ್ರಿ ಈಗ. ರವಿವಾರ ಮಧ್ಯಾಹ್ನ ತಂದು ತಿಂದು, ಎರಡು ತಾಸಿನ ಒಳಗ ಉಳದದ್ದು ಫ್ರಿಜ್ಜಿಗೆ ಹ್ವಾದ್ರ, ಸೋಮವಾರ ಅದನ್ನ ಮುಟ್ಟೂ ಹಂಗ ಇಲ್ಲ, ಮಂಗಳವಾರ ತಿನ್ನಬಹುದು, ಮಂಗಳವಾರ ಇಲ್ಲದವ್ರು ಬುಧವಾರ ಮಧ್ಯಾಹ್ನ ತಿಂದ್ರೂ ಮೂರ ದಿವಸ ಆತು. ವಾರನೂ ಉಳೀತು, ಕೋಳಿನೂ ಉಳೀತು. ರಾತ್ರಿ ತರೂದ ಬ್ಯಾಡ, ಮಧ್ಯಾಹ್ನ ತರ್ರಿ. ನಮ್ಮನ್ಯಾಗ ಇಷ್ಟ ಬದಲಿ ಮಾಡಿದ್ದು, ಅರ್ಧ ತ್ರಾಸ ಅಲ್ಲೇ ಹೋತು.

ಫ್ರಿಜ್ಜಿನ್ಯಾಗ ದೇವರ ನೈವೇದ್ಯದ ಹಾಲು, ಮೊಸರು ಇರತಾವ, ಕೋಳಿ ಹೆಂಗ ಇಡೂದು ಅಂತ ಅತ್ತಿ ಒಪ್ಪಲಿಲ್ಲ. ಅವ್ರ ಮಾತಿಗೂ ಬೆಲಿ ಐತಿ. ನಾನು ಗಟ್ಟಿ ಮುಚ್ಚಳದ ಎರಡು ಸ್ಟೀಲ್ ಡಬ್ಬಿ ಬ್ಯಾರೆ ತಂದೆ, ಅದಕ್ಕ ಕೆಂಪು ದಾರ ಕಟ್ಟಿಟ್ಟೀನಿ, ಅವು ಕೆಳಗಿನ ಕಪಾಟಿನ್ಯಾಗಷ್ಟ ಇರತಾವ, ಬ್ಯಾರೆ ಯಾವುದಕ್ಕೂ ಬಳಸಂಗಿಲ್ಲ, ಹಾಲು ಮೊಸರು ಮ್ಯಾಲಿನ ಕಪಾಟಿಗೆ. ಬೋಗೋಣಿ, ಸೌಟು ಮೊದಲಿಂದನೂ ಬ್ಯಾರೆನ ಇದ್ವು. ಎರಡು ವಾರ ನೋಡಿ ಅತ್ತಿ ಸುಮ್ಮಾದ್ರು, ಈಗ ಅವ್ರ ಕೇಳತಾರ, ಕೆಂಪು ದಾರದ ಡಬ್ಬಿ ಒಳಗ ಹೋತೇನು ಅಂತ.

ಇನ್ನ ಕೋಳಿ ತರೂ ಮಾತು. ಗ್ರಿಲ್ ಅಂಗಡ್ಯಾಗ ಕತ್ತಿ ತಗೊಂಡು ಟಪಟಪ ಎಂಟು ತುಂಡು ಮಾಡಿ ಕೊಡ್ತಾರ, ಎಲುಬು ಚೂರು ಚೂರಾಗಿ ಮಾಂಸದಾಗ ಸೇರ್ಕೋತಾವ, ಆಮ್ಯಾಲ ಮಾಂಸ ಬಿಡಿಸಾಕ ಬರಂಗಿಲ್ಲ, ಹುಡುಗೂರಿಗೆ ಗಂಟಲಕ್ಕ ಸಿಗೂ ಅಂಜಿಕಿನೂ ಐತಿ. ಅದಕ್ಕ ಕೊಯ್ಯಬ್ಯಾಡ್ರಿ, ಇಡೀದ ಕೊಡ್ರಿ ಅಂತ ಹೇಳಬೇಕು. ಮಯೋನೀಸ್ ಕೊಟ್ರ ಅವತ್ತ ತಿಂದು ಮುಗಿಸ್ರಿ, ಉಳದದ್ದು ಇಡಬ್ಯಾಡ್ರಿ, ಹಸಿ ತತ್ತಿದು ಇದ್ರ ಅದು ಭಾಳ ಲಗು ಕೆಡತೈತಿ, ತೆಲಂಗಾಣದಾಗ 2024 ರ ಅಕ್ಟೋಬರ್ ತಿಂಗಳದಾಗ ಹಸಿ ತತ್ತಿ ಮಯೋನೀಸ್ ಒಂದು ವರ್ಷ ಬಂದ್ ಮಾಡಿದ್ದು ಅದಕ್ಕನ. ಮನ್ಯಾಗ ಮಾಡವ್ರು ಕೋಳಿ ಅಂಗಡ್ಯಾಗ ತೊಗಲು ತಗಿಯಬ್ಯಾಡ್ರಿ ಅಂತ ಮೊದಲ ಹೇಳ್ರಿ, ನಮ್ಮ ಕಡೆ ಕೇಳದನ ಸುಲದು ಕೊಡ್ತಾರ, ತೊಗಲು ಇಲ್ಲದ ಕೋಳಿ ರೋಸ್ಟ್ ಮಾಡಿದ್ರ ಒಣಗಿ ಕಟಗಿ ಆಗತೈತಿ. ಉಪ್ಪು, ಅರಿಶಿಣ, ಬಳ್ಳೊಳ್ಳಿ, ಲಿಂಬಿ ಹಚ್ಚಿ ರಾತ್ರಿ ಫ್ರಿಜ್ಜಿನ್ಯಾಗ ಮುಚ್ಚಿಟ್ಟು, ಮುಂಜಾನೆ 190 ಡಿಗ್ರಿಗೆ ಓಟಿಜಿ ಓವನ್ನಿನ್ಯಾಗ ಇಟ್ರ ಒಂದೂಕಾಲು ಕಿಲೋದ ಕೋಳಿಗೆ ಸುಮಾರು ಸವ್ವಾ ತಾಸು ಬೇಕು, ತೊಡಿ ದಪ್ಪ ಇರೂ ಕಡೆ ಒಳಗ 74 ಡಿಗ್ರಿ ಆಗಿರಬೇಕು. ತಗದ ಕೂಡಲೆ ಕೊಯ್ಯಬ್ಯಾಡ್ರಿ, ಹದಿನೈದು ಮಿನಿಟ್ ಬಿಡ್ರಿ, ಇಲ್ಲಂದ್ರ ಒಳಗಿನ ರಸ ಎಲ್ಲಾ ತಾಟಿಗೆ ಹರದು ಹೋಗತೈತಿ. ಕೆಳಗ ಟ್ರೇದಾಗ ಇಳದ ಜಿಡ್ಡು ಚೆಲ್ಲಬ್ಯಾಡ್ರಿ, ಒಂದು ಸಣ್ಣ ಬಾಟ್ಲಿಯೊಳಗ ಸೋಸಿ ಫ್ರಿಜ್ಜಿನ್ಯಾಗ ಇಡ್ರಿ, ಅದರ ಕೆಲಸ ಮುಂದ ಐತಿ.

ಊಟ ಆದ ಮ್ಯಾಲ ಎಲ್ಲಾರೂ ಕೈ ತೊಳಕೊಂಡು ಎದ್ದು ಹೋಗತಾರಲ್ಲ, ಆ ಹದಿನೈದು ಮಿನಿಟ್ ಮುಖ್ಯ. ಕೋಳಿ ಇನ್ನೂ ಬೆಚ್ಚಗ ಇದ್ದಾಗ ಮಾಂಸ ಎಲುಬಿನಿಂದ ಹೂವಿನ ಎಸಳಿನಂಗ ಬರತೈತಿ, ತಣ್ಣಗಾದ್ರ ಹರೀಬೇಕು, ಅರ್ಧ ಎಲುಬಿಗೇ ಉಳೀತೈತಿ. ಸಾಬಣ ಹಚ್ಚಿ ಕೈ ತೊಳಕೊಂಡು ಬಿಡಿಸಾಕ ಕುಂದರಬೇಕು, ಒಂದು ತಾಟಿನ್ಯಾಗ ಬಿಳಿ ಮಾಂಸ, ಒಂದರಾಗ ತೊಡಿ ಮಾಂಸ, ಎಲುಬು ಬೋಗೋಣಿಗೆ, ತೊಗಲು ಬ್ಯಾರೆ. ಕೋಳಿ ಬೋರಲು ಹಾಕಿ ನೋಡ್ರಿ, ಬೆನ್ನಿನ ಎರಡೂ ಮಗ್ಗಲು, ತೊಡಿ ಶುರು ಆಗೂ ಜಾಗದಾಗ, ಒಂದು ಸಣ್ಣ ತಗ್ಗು ಇರತೈತಿ, ಅದರಾಗ ಹಳೇ ರೂಪಾಯಿಯಷ್ಟು ಅಗಲದ ಎರಡು ಮೆತ್ತನ ತುಣಕ, ಇಡೀ ಕೋಳ್ಯಾಗ ಅದಕ್ಕಿಂತ ರುಚಿ ಮಾಂಸ ಇಲ್ಲ, ಮತ್ತ ಹೆಚ್ಚಿನವ್ರು ಅದನ್ನ ಎಲುಬಿನ ಜೊತಿ ಒಗೀತಾರ. ನಮ್ಮ ಮೊಮ್ಮಗಳಿಗೆ ತೋರಿಸಿದ ಮ್ಯಾಲ ಆಕಿ ಈಗ ಬಿಡಿಸೂ ಕೆಲಸಕ್ಕ ತಾನ ಬಂದು ಕುಂದರತಾಳ, ಆ ಎರಡು ತುಣಕ ಆಕಿ ಕೂಲಿ. ಒಂದ್ಸಲ ನಾವಿಬ್ರೂ ಮುಟ್ಟದ ಇಡೀ ರೋಸ್ಟ್ ಬಿಡಿಸಿ ತೂಗಿದ್ವಿ, ಒಂದೂಕಾಲು ಕಿಲೋ ಹಸಿ ಕೋಳಿ ಬೆಂದು 900 ಗ್ರಾಂ ಆಗಿತ್ತು, ಬರೇ ಮಾಂಸ 520, ಎಲುಬು ತೊಗಲು 350 ರ ಸುಮಾರು. ಒಂದ ಹೊತ್ತಿಗೆ ನಮಗ ಮೂರು ಮಂದಿಗೆ 250 ಗ್ರಾಂ ಮಾಂಸ ಸಾಕಾಗತೈತಿ, ಅಂದ್ರ ಇನ್ನೊಂದು ಹೊತ್ತಿಂದು ಪೂರ್ತಿ ಉಳೀತು, ಎಲುಬಿಂದು ಬ್ಯಾರೆ.

ಎಲುಬು ಒಗೀಬ್ಯಾಡ್ರಿ. ಇದನ್ನ ನಾ ಗಟ್ಟಿಯಾಗಿ ಹೇಳಬೇಕು, ಯಾಕಂದ್ರ ಮಾಂಸ ಉಳಸೂ ಮಂದಿನೂ ಎಲುಬು ಒಗೀತಾರ. ರವಿವಾರ ಸಂಜಿನ ಎಲುಬು, ಕುತ್ತಿಗಿ, ರೆಕ್ಕಿ ತುದಿ ಎಲ್ಲಾ ಕುಕ್ಕರಿಗೆ ಹಾಕಿ, ಒಂದು ಉಳ್ಳಾಗಡ್ಡಿ ಎರಡು ಹೋಳು, ಒಂದು ಗಡ್ಡಿ ಬಳ್ಳೊಳ್ಳಿ ಸಿಪ್ಪಿ ಸಹಿತ, ಮೆಣಸು, ಎರಡು ಲವಂಗ, ಒಂದು ಚಮಚ ಲಿಂಬಿ ರಸ, ಮ್ಯಾಲ ಎರಡು ಲೀಟರಕ್ಕ ಕಮ್ಮಿ ನೀರು. ಉಪ್ಪು ಹಾಕಬ್ಯಾಡ್ರಿ, ಅಂಗಡಿ ಮಸಾಲಿಯೊಳಗ ಉಪ್ಪು ಬೇಕಾದಷ್ಟು ಇರತೈತಿ, ಮಸಾಲಿ ಭಾಳ ಹಚ್ಚಿದ್ರ ಎಲುಬು ಒಂದ್ಸಲ ಬಿಸಿ ನೀರಾಗ ಅದ್ದಿ ತಗದು ಹಾಕ್ರಿ. ಒಂದು ಸೀಟಿ ಆದ ಮ್ಯಾಲ ಸಣ್ಣ ಉರಿ ಮ್ಯಾಲ 45 ಮಿನಿಟ್. ಬೋಗೋಣ್ಯಾಗ ಆದ್ರ ಎರಡು ಮೂರು ತಾಸು ಬೇಕು, ಅಷ್ಟು ಗ್ಯಾಸ್ ಸುಟ್ಟು ಉಳಸೂದ್ರಾಗ ಅರ್ಥ ಇಲ್ಲ, ಕುಕ್ಕರ್ ಚೊಲೊ. ಸೋಸಿ, ಆ ಬೋಗೋಣಿನ ತಣ್ಣೀರು ತುಂಬಿದ ಪರಾತದಾಗ ಇಟ್ಟು ಸೌಟಿಲೆ ತಿರುವಿದ್ರ ಅರ್ಧ ತಾಸಿನ್ಯಾಗ ಆರತೈತಿ, ಆವಾಗ ಫ್ರಿಜ್ಜಿಗೆ ಇಡ್ರಿ. ನಾಳೆ ಇಡೂಣು ಅಂತ ರಾತ್ರಿ ಹೊರಗ ಬಿಟ್ರ ಮಾಡಿದ್ದೆಲ್ಲಾ ಮಣ್ಣಿಗೆ ಹೋತು.

ಮಂಗಳವಾರ ಡಬ್ಬಿ ತಗದು ನೋಡಿದ್ರ ಅದು ಗಿಣ್ಣದಂಗ ಹೆಪ್ಪುಗಟ್ಟಿ ಅಳ್ಳಾಡಾಕತ್ತಿರತೈತಿ. ಮೊದಲ ಸಲ ನಮ್ಮ ಸೊಸಿ ಇದು ಕೆಟ್ಟೈತಿ ಅಂತ ಚೆಲ್ಲಾಕ ಹೊಂಟಿದ್ಳು, ನಾ ತಡದೆ. ಕೆಟ್ಟಿಲ್ಲವಾ, ಎಲುಬು ಸಂದಿನ್ಯಾಗ, ತೊಗಲಿನ್ಯಾಗ ಕೊಲಾಜನ್ ಅಂತ ಇರತೈತಿ, ಭಾಳ ಹೊತ್ತು ಬೆಂದ್ರ ಅದು ಜೆಲಟಿನ್ ಆಗಿ ನೀರಾಗ ಬೆರೀತೈತಿ, ತಣ್ಣಗಾದ್ರ ಗಟ್ಟಿ ಆಗತೈತಿ, ಹಿಂಗ ಹೆಪ್ಪುಗಟ್ಟಿದ್ರ ರಸ ಚೊಲೊ ಇಳದೈತಿ ಅಂತ ತಿಳಿ ಅಂದೆ. ಮ್ಯಾಲ ಬಿಳೇ ಜಿಡ್ಡಿನ ಕೆನಿ ಇರತೈತಿ, ಅದನ್ನೂ ತಗದು ಬಾಟ್ಲಿ ಜಿಡ್ಡಿಗೆ ಕೂಡಿಸ್ರಿ.

ಈಗ ಅದರಾಗ ಏನು ಮಾಡೂದು ಅಂದ್ರ, ಬೆಳಗಾವ್ಯಾಗ ಇದ್ದು ಇದನ್ನ ಹೊರಗಿನವ್ರಿಂದ ಕಲೀಬೇಕಾದ್ದಿಲ್ಲ. ಕೊಲ್ಹಾಪುರ ಕಡೆಯಿಂದ ಬಂದ ಪಾಂಢರಾ ರಸ್ಸಾ, ಅಂದ್ರ ಬಿಳೇ ಸಾರು, ನಮ್ಮೂರಾಗ ಮನಿ ಮನಿಗೂ ಗೊತ್ತು, ಅದು ಎಲುಬಿನ ರಸದ ಮ್ಯಾಲನ ನಿಂತ ಅಡಗಿ. ಒಂದು ಚಮಚ ಗಸಗಸಿ, ಒಂದು ಚಮಚ ಬಿಳೇ ಎಳ್ಳು, ಎಂಟು ಗೋಡಂಬಿ ನೆನಸಿ ನುಣ್ಣಗ ರುಬ್ಬಿಕೊಳ್ರಿ. ಬಾಟ್ಲಿ ಜಿಡ್ಡು ಎರಡು ಚಮಚ ಕಾಸಿ ಅದರಾಗ ದಾಲ್ಚಿನ್ನಿ, ಲವಂಗ, ಏಲಕ್ಕಿ, ಅಲ್ಲ ಬಳ್ಳೊಳ್ಳಿ ಹಾಕಿ, ಕೆಂಪಗ ಆಗೂದ್ರಾಗ ರುಬ್ಬಿದ್ದು ಹಾಕಿ, ಆ ಮ್ಯಾಲ ಎಲುಬಿನ ರಸ ಸುರುವಿ ಚೆಂದಗ ಕುದಿಸ್ರಿ. ಕಡೀಗೆ ಒಂದು ಬಟ್ಟಲ ಕಾಯಿ ಹಾಲು, ಬಿಳೇ ಮೆಣಸಿನ ಪುಡಿ, ಉಪ್ಪು. ಕಾಯಿ ಹಾಲು ಬಿದ್ದ ಮ್ಯಾಲ ಕೊತಕೊತ ಕುದಿಸಬಾರದು, ಒಡೀತೈತಿ, ಒಲಿ ಸಣ್ಣ ಮಾಡಿ ಕಾವು ಏರಿಸಿ ಇಳಸಿಬಿಡ್ರಿ. ರೋಸ್ಟ್ ಆದ ಎಲುಬು ಆಗಿದ್ದಕ್ಕ ಹಸಿ ಎಲುಬಿನ ರಸ್ಸಾದಷ್ಟು ಬೆಳ್ಳಗ ಬರಂಗಿಲ್ಲ, ಒಂಚೂರು ಕೆನಿ ಬಣ್ಣ ಬರತೈತಿ, ಆದ್ರ ಆ ಸುಟ್ಟ ವಾಸನಿ ಇರತದಲ್ಲ, ಅದು ಹಸಿ ಎಲುಬಿಗೆ ಬರಂಗಿಲ್ಲ. ನಮ್ಮ ಮನಿಯವ್ರು ಈಗ ರೋಸ್ಟ್ ಕಿಂತ ಮಂಗಳವಾರದ ರಸ್ಸಾನ ದಾರಿ ಕಾಯತಾರ.

ಬಿಡಿಸಿದ ಬಿಳಿ ಮಾಂಸದ್ದು ಒಂದು ಸೂಕ್ಷ್ಮ ಐತಿ. ಅದು ಒಮ್ಮೆ ಬೆಂದದ್ದು, ಹಸಿ ಕೋಳಿಯಂಗ ಮಸಾಲಿಯೊಳಗ ಅರ್ಧ ತಾಸು ಕುದಿಸಿದ್ರ ಸೆಣಬಿನ ನಾರು ಆಗತೈತಿ, ಉಳದದ್ದು ರುಚಿ ಇಲ್ಲ ಅಂತ ಮಂದಿ ಅನ್ನೂದು ಇದಕ್ಕನ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಒಂಚೂರು ಮಸಾಲಿಖಾರ, ಅರ್ಧ ಬಟ್ಟಲ ಎಲುಬಿನ ರಸ ಎಲ್ಲಾ ಮೊದಲ ಬೇಯಲಿ, ಕಟ್ಟಕಡೀಗೆ ಮಾಂಸ ಹಾಕಿ, ಮುಚ್ಚಿ, ಉಗಿ ಮ್ಯಾಲ ಬರೂತನಕ ಕಾಸಿ, ಕೊತಂಬ್ರಿ ಉದುರಿಸಿ, ಇಂಡಿ ಲಿಂಬಿ ಸಿಕ್ರ ಅದನ್ನ ಹಿಂಡಿ, ಬಿಸಿ ಜೋಳದ ರೊಟ್ಟಿಯೊಳಗ ಸುತ್ತಿ ಕೊಡ್ರಿ. ಹುಡುಗೂರು ಹೊರಗಿನ ರೋಲ್ ಬೇಕು ಅಂತ ಕೇಳೂದ ಬಿಟ್ಟಾವ. ತಿನ್ನೂವಷ್ಟ ಡಬ್ಬಿಯಿಂದ ತಗದು ಒಂದ್ಸಲ ಮಾತ್ರ ಕಾಸಬೇಕು, ಕಾಸಿ ಕಾಸಿ ಮತ್ತ ಒಳಗ ಇಡೂದು ಆಗಂಗಿಲ್ಲ.

ತೊಗಲು ಹಂಚಿನ ಮ್ಯಾಲ ಸಣ್ಣ ಉರಿಲೆ ಕರಕರ ಆಗೂತನಕ ಹುರದ್ರ ಜಿಡ್ಡು ಬಿಡತೈತಿ, ಪುಡಿ ಮಾಡಿ ರಸ್ಸಾ ಮ್ಯಾಲ ಉದುರಿಸಬಹುದು. ಹಲ್ಲಿಲ್ಲದ ಹಿರ್ಯಾರಿಗೆ, ಜ್ವರ ಬಂದವ್ರಿಗೆ ಎಲುಬಿನ ರಸದಾಗ ಜೋಳದ ನುಚ್ಚು ಕುದಿಸಿ ಕೊಡ್ರಿ, ಬರೇ ನೀರಾಗಿನ ನುಚ್ಚಿಗೂ ಇದಕ್ಕೂ ಅಜಗಜಾಂತರ. ರಸ ಹೆಚ್ಚಾದ್ರ ಐಸ್ ಟ್ರೇದಾಗ ಹಾಕಿ ಫ್ರೀಜರಿನ್ಯಾಗ ಗಟ್ಟಿ ಮಾಡಿ ಇಟ್ಕೊಳ್ರಿ. ಶ್ರಾವಣ ಹತ್ರ ಬಂದಾಗ ಮಾತ್ರ ಇಡಬ್ಯಾಡ್ರಿ, ಅಮಾವಾಸ್ಯಿ ಒಳಗ ಮುಗಿಸೂ ಹಂಗ ತರ್ರಿ, ನಮ್ಮ ಬಾಜೂ ಮರಾಠಿ ಮಂದಿ ಗಟಾರಿ ಅಂತಾರಲ್ಲ, ಆ ವಾರ ಎಲ್ಲಾರ ಮನ್ಯಾಗೂ ತರೂದು ಹೆಚ್ಚು, ಚೆಲ್ಲೂದೂ ಹೆಚ್ಚು.

ಇನ್ನೊಂದು ಮಾತು, ಬೀದಿ ನಾಯಿಗೆ ಹಾಕಿದ್ರ ಹಾಳಾಗಲಿಲ್ಲ, ಪುಣ್ಯ ಬಂತು ಅಂತ ಭಾಳ ಮಂದಿ ಸಮಾಧಾನ ಮಾಡ್ಕೋತಾರ. ಬೆಂದ ಕೋಳಿ ಎಲುಬು ನಾಯಿಗೆ ಹಾಕಬಾರದ್ರಿ. ಹಸಿ ಎಲುಬಿನಂಗ ಅದು ಇರಂಗಿಲ್ಲ, ಕಡದ್ರ ಸೂಜಿಯಂಗ ಸೀಳತೈತಿ, ಗಂಟಲಕ್ಕ, ಕರಳಿಗೆ ಚುಚ್ಚತೈತಿ. ನಮ್ಮ ಗಲ್ಲಿಯೊಳಗ ಒಂದು ನಾಯಿ ಹಂಗ ಎರಡು ದಿವಸ ಒದ್ದಾಡಿದ್ದು ನಾ ಕಣ್ಣಾರೆ ನೋಡೀನಿ, ಇವತ್ತಿಗೂ ಅದು ಕಣ್ಣ ಮುಂದ ಬರತೈತಿ. ಕುಕ್ಕರಿನ್ಯಾಗ ಬೆಂದು ಸತ್ವ ಬಿಟ್ಟ ಎಲುಬು ಕೈಯಾಗ ಒತ್ತಿದ್ರ ಪುಡಿ ಆಗತಾವ, ಅವನ್ನ ನಾನು ಹಿತ್ತಲ ಕರಿಬೇವಿನ ಗಿಡದ ಬುಡಕ್ಕ ಒಂದೂವರಿ ಫೂಟು ತಗ್ಗು ತಗದು ಹೂಳತೀನಿ, ಮ್ಯಾಲ ಒಂದು ಕಲ್ಲು ಇಡತೀನಿ. ಹಿತ್ತಲ ಇಲ್ಲದವ್ರು ಹಸಿ ಕಸದಾಗ ಬ್ಯಾರೆ ಕಟ್ಟಿ ಕೊಡ್ರಿ.

ಫ್ರಿಜ್ ಇಲ್ಲದ ಮನಿ ನಮ್ಮ ಶಹಾಪುರ, ವಡಗಾವಿಯೊಳಗ ಇನ್ನೂ ಅದಾವ, ಮಗ್ಗದ ಮನಿಗಳು, ಅವ್ರಿಗೆ ನಾಕು ದಿವಸದ ಲೆಕ್ಕ ಹೇಳಿ ಉಪಯೋಗ ಇಲ್ಲ. ಅಂಥಾ ಕಡೆ ಇಡೀ ಕೋಳಿ ಎರಡು ಮನಿ ಕೂಡಿ ತರೂದು ಚೊಲೊ, ನಮ್ಮ ಬಾಜೂ ಮನ್ಯಾಗ ಅಕ್ಕ ತಂಗಿ ಇಬ್ರೂ ಹಂಗ ಮಾಡತಾರ, ಮಾಂಸ ಒಂದು ಮನಿಗೆ ಅರ್ಧ, ಇನ್ನೊಂದಕ್ಕ ಅರ್ಧ, ಎಲುಬು ಒಂದು ವಾರ ಇವ್ರಿಗೆ, ಮುಂದಿನ ವಾರ ಅವ್ರಿಗೆ, ಅವತ್ತ ಸಂಜಿಕನ ಸಾರು ಮಾಡಿ ಅವತ್ತ ಮುಗಿಸ್ತಾರ. ಮತ್ತ ಫ್ರಿಜ್ ಇದ್ದವ್ರಿಗೂ ಒಂದು ಮಾತು, ಕರೆಂಟ್ ಹ್ವಾದ್ರ ಬಾಗಲ ತಗೀದ ಇದ್ರ ನಾಕು ತಾಸು ತಂಪು ಹಿಡೀತೈತಿ, ಅದಕ್ಕಿಂತ ಹೆಚ್ಚು ಹ್ವಾದ್ರ ಒಳಗಿನ ಕೋಳಿ ನಂಬಬ್ಯಾಡ್ರಿ.

ಸಂಪಾದಕರ, ನನ್ನ ಬೇಡಿಕಿ ಒಂದ. ನಿಮ್ಮ ಅಡಗಿ ಪುಟದಾಗ ಇಡೀ ಕೋಳಿ, ಇಡೀ ಮೀನು, ಐದು ಕಿಲೋ ಬಿರ್ಯಾನಿ ಅಂತ ಬರದಾಗ ಕೆಳಗ ನಾಕು ಬಟ್ಟಿನಷ್ಟು ಜಾಗ ಬಿಡ್ರಿ, ಅದರಾಗ ಇದು ಎಷ್ಟು ಮಂದಿಗೆ ಸಾಕು, ಉಳದ್ರ ಎಷ್ಟು ತಾಸಿನ ಒಳಗ ಎಲ್ಲಿ ಇಡಬೇಕು, ಎಷ್ಟು ದಿವಸ ಇರತೈತಿ, ಮರುದಿನ ವಾರ ಇದ್ದವ್ರು ಏನು ಮಾಡಬೇಕು, ಎಲುಬಿಂದು ಏನು ಮಾಡಬೇಕು, ಇಷ್ಟ ಬರೀರಿ. ಇದನ್ನ ಬರಿಯಾಕ ದೊಡ್ಡ ಹೋಟೆಲಿನ ಶೆಫ್ ಬೇಕಿಲ್ಲ, ಬಾಗಲಕೋಟಿ, ಇಳಕಲ್ಲ, ಸಿಂದಗಿ, ಗೋಕಾಕದಾಗಿನ ಹೆಣ್ಣುಮಕ್ಕಳನ್ನ ಕೇಳ್ರಿ, ಒಬ್ಬೊಬ್ರ ಮನಿಯೊಳಗೂ ಒಂದೊಂದು ಪದ್ಧತಿ ಇರತೈತಿ, ಅವ್ರ ಕೈಬರಹದಾಗ ಬಂದ ಪತ್ರ ಹಂಗ ಹಾಕ್ರಿ. ಸೆಪ್ಟೆಂಬರ್ 29 ಕ್ಕ ಆಹಾರ ಹಾಳಾಗೂದ್ರ ಬಗ್ಗೆ ಅಂತರರಾಷ್ಟ್ರೀಯ ಜಾಗೃತಿ ದಿನ ಐತಿ, 2020 ರಿಂದ ಮಾಡಾಕತ್ತಾರ, ಆ ವಾರದ ಪುರವಣಿಯಿಂದ ಶುರು ಮಾಡಿದ್ರೂ ಆದೀತು.

ನೀವು ಜಾಗ ಕೊಟ್ರ ಮೊದಲನೇದು ನಾನ ಬರದು ಕಳಸ್ತೀನಿ, ಪಾಂಢರಾ ರಸ್ಸಾದ್ದು ಗ್ರಾಂ ಲೆಕ್ಕದಾಗ ಅಳತಿ ಮಾಡಿ ಇಟ್ಟೀನಿ, ಮೂರು ಮಂದಿದು ಬ್ಯಾರೆ, ಆರು ಮಂದಿದು ಬ್ಯಾರೆ.

ನಿಮ್ಮ ಓದುಗಾರ್ತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಶಹಾಪುರ, ಬೆಳಗಾವಿ